ಗಾಜಿನ ಕಡಲಿನಲ್ಲಿ ಹಸಿದ ಮೊಲ

ವಸಂತಪುರದಿಂದ ವಾಚಕಿಯೊಬ್ಬರು ಬರೆದಿರುವ ಪತ್ರ ಈ ವಾರದ ಅಂಕಣವನ್ನು ಪೂರ್ತಿಯಾಗಿ ಆಕ್ರಮಿಸಿಕೊಂಡಿದೆ. ಅವರ ಯಜಮಾನರಿಗೆ ಉಪ್ಪುನೀರಿನ ಅಕ್ವೇರಿಯಂ ಇಡುವ ಹವ್ಯಾಸ. ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಕಲ್ಲು, ಮರಳು, ಕೆಲವು ಬಣ್ಣದ ಮೀನು. ಕಳೆದ ಬೇಸಗೆಯಲ್ಲಿ ಕಲ್ಲುಗಳ ಮೇಲೆ ಹಸುರು ಕೂದಲಿನಂಥ ಪಾಚಿ ಹುಟ್ಟಿ, ಕಿತ್ತಷ್ಟೂ ಹಬ್ಬತೊಡಗಿತಂತೆ. ಅಂಗಡಿಯವರ ಸಲಹೆಯ ಮೇರೆಗೆ ಒಂದು ‘ಸೀ ಹೇರ್’ ತಂದು ಬಿಟ್ಟರು. ಮೂರು ವಾರಗಳಲ್ಲಿ ಕಲ್ಲು, ಗಾಜು ಎಲ್ಲವೂ ಥಳಥಳಿಸಿದುವು. ಮನೆಯವರಿಗೆಲ್ಲ ಹಿಗ್ಗು, ಎಂಟು ವರ್ಷದ ಮಗಳು ಆ ಪ್ರಾಣಿಗೆ ಒಂದು ಹೆಸರನ್ನೂ ಇಟ್ಟಳು. ಆರನೆಯ ವಾರ ಅದು ತೊಟ್ಟಿಯ ಮೂಲೆಯಲ್ಲಿ ಮುದುಡಿ ಸತ್ತುಬಿದ್ದಿತ್ತು. “ನೀರನ್ನು ಪರೀಕ್ಷಿಸಿದೆವು, ಯಾವ ದೋಷವೂ ಕಾಣಲಿಲ್ಲ. ಮೀನುಗಳೆಲ್ಲ ಸೊಗಸಾಗಿವೆ. ಇಷ್ಟು ಶುಚಿಯಾದ ತೊಟ್ಟಿಯಲ್ಲಿ ಅದೊಂದೇ ಏಕೆ ಸತ್ತಿತು? ಮಗು ಕೇಳುತ್ತಾಳೆ, ಏನು ಹೇಳಲಿ?” ಎಂಬುದು ಆಕೆಯ ಪ್ರಶ್ನೆ.

ಉತ್ತರ ಚಿಕ್ಕದು, ಆದರೆ ಕಹಿ. ಬಹುಮಟ್ಟಿಗೆ ಆ ಪ್ರಾಣಿ ಹಸಿವಿನಿಂದ ಸತ್ತಿದೆ. ತೊಟ್ಟಿ ಶುಚಿಯಾಗಿದ್ದರೂ ಸತ್ತಿತೆನ್ನುವುದಕ್ಕಿಂತ, ಶುಚಿಯಾದುದರಿಂದಲೇ ಸತ್ತಿತೆನ್ನುವುದು ಸರಿ. ಅದು ತಿನ್ನುವುದು ಪಾಚಿಯನ್ನು. ಪಾಚಿ ಮುಗಿದ ದಿನವೇ ಅದರ ಊಟವೂ ಮುಗಿಯಿತು. ಕೆಲಸಕ್ಕೆಂದು ಕರೆತಂದವನಿಗೆ ಕೆಲಸ ತೀರಿದೊಡನೆ ಅನ್ನ ನಿಲ್ಲಿಸಿದಂತೆ. ಹೀಗೆಂದು ನಮ್ಮ ವಾಚಕಿಯನ್ನಾಗಲಿ ಅವರ ಯಜಮಾನರನ್ನಾಗಲಿ ದೂಷಿಸುವುದು ನನ್ನ ಉದ್ದೇಶವಲ್ಲ. ಈ ಹವ್ಯಾಸವುಳ್ಳ ಮನೆಗಳಲ್ಲಿ, ಬೆಂಗಳೂರಾಗಲಿ ಪರದೇಶವಾಗಲಿ, ಇದೇ ಕಥೆ ನಡೆಯುತ್ತಿರುತ್ತದೆ. ಪ್ರಾಣಿಯ ಪರಿಚಯವಾಗುವುದಕ್ಕೆ ಮುಂಚೆ ಅದರ ಉಪಯೋಗದ ಪರಿಚಯವಾಗುವುದೇ ಇದಕ್ಕೆ ಕಾರಣ.

ಆದುದರಿಂದ ಮೊದಲು ಪರಿಚಯ. ಸೀ ಹೇರ್ ಎಂದರೆ ಕಡಲ ಮೊಲ. ಹೆಸರು ಮೊಲವಾದರೂ ಕುಲ ಬಸವನಹುಳುವಿನದು. ಮಳೆಗಾಲದಲ್ಲಿ ನಮ್ಮ ಹಿತ್ತಲ ಗೋಡೆಯ ಮೇಲೆ ಹರಿಯುವ ಬಸವನಹುಳು ಬೆನ್ನ ಮೇಲೆ ಚಿಪ್ಪನ್ನು ಹೊತ್ತಿರುತ್ತದೆಯಷ್ಟೆ. ಕಡಲ ಮೊಲದ ಚಿಪ್ಪು ಕುಗ್ಗಿ, ತೆಳುವಾಗಿ, ಮೈಯ ಒಳಗೇ ಅಡಗಿದೆ. ತಲೆಯ ಮೇಲೆ ಎರಡು ಕೊಂಬುಗಳು ಮೊಲದ ಕಿವಿಯಂತೆ ನಿಮಿರಿರುವುದರಿಂದ ಈ ಹೆಸರು ಬಂದಿದೆ. ಅವು ಕಿವಿಗಳಲ್ಲ, ಮೂಗು. ನೀರಿನಲ್ಲಿ ಹರಡಿದ ವಾಸನೆಯನ್ನು ಆ ಕೊಂಬುಗಳಿಂದ ಗ್ರಹಿಸಿ, ಮೇವು ಯಾವ ದಿಕ್ಕಿನಲ್ಲಿದೆ, ಜೊತೆಗಾರ ಯಾವ ದಿಕ್ಕಿನಲ್ಲಿದ್ದಾನೆ ಎಂಬುದನ್ನು ಅದು ಅರಿಯುತ್ತದೆ. ಕಣ್ಣುಗಳು ಇವೆಯಾದರೂ ಬೆಳಕು ಕತ್ತಲೆಗಳನ್ನು ತಿಳಿಯುವುದಕ್ಕಿಂತ ಹೆಚ್ಚಿನ ಪ್ರಯೋಜನ ಅವುಗಳಿಂದಿಲ್ಲ.

ಮನೆಯ ತೊಟ್ಟಿಗಳಿಗೆ ಬರುವ ಕಡಲ ಮೊಲಗಳಲ್ಲಿ ಸಾಮಾನ್ಯವಾದುದು ಡೊಲಬೆಲ್ಲ ಆರಿಕ್ಯುಲೇರಿಯ ಎಂಬ ಜಾತಿ. ಬೂದು, ಕಂದು, ಹಸುರು ಬೆರೆತ ಒರಟು ಮೈ. ಹಿಂಭಾಗ ಓರೆಯಾಗಿ ಕತ್ತರಿಸಿದಂತೆ ಚಪ್ಪಟೆ. ಕಲ್ಲಿನ ಪಕ್ಕದಲ್ಲಿ ಕುಳಿತರೆ ಕಲ್ಲೆಂದೇ ಭ್ರಮೆ. ಅಂಗಡಿಯಲ್ಲಿ ಅಂಗೈಯಲ್ಲಿ ಹಿಡಿಯುವಷ್ಟಿರುವ ಇದು, ಕಡಲಿನಲ್ಲಿ ಮೇವು ಸಮೃದ್ಧವಾಗಿದ್ದರೆ ಒಂದಡಿಯನ್ನು ಮೀರಿ ಬೆಳೆಯಬಲ್ಲುದು. ಹಿಂದೂ ಮತ್ತು ಪೆಸಿಫಿಕ್ ಮಹಾಸಾಗರಗಳ ಬೆಚ್ಚನೆಯ ನೀರೇ ಇದರ ತವರು. ನಮ್ಮ ದೇಶದ ಮಟ್ಟಿಗೆ ಮನ್ನಾರ್ ಕೊಲ್ಲಿಯಲ್ಲಿ ಉಂಟು. ಅಪ್ಲೀಸಿಯ ಎಂಬ ಇನ್ನೊಂದು ಕುಲದ ಮೊಲಗಳು ನುಣುಪಾಗಿ, ಮೈಯ ಇಕ್ಕೆಲಗಳಲ್ಲಿ ಸೀರೆಯ ನೆರಿಗೆಯಂಥ ಮಡಿಕೆಗಳುಳ್ಳವಾಗಿ, ನೋಡುವುದಕ್ಕೆ ಚೆಲುವಾಗಿರುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ತಣ್ಣೀರಿನವು. ಕ್ಯಾಲಿಫೋರ್ನಿಯದ ಕಡಲ ಮೊಲಕ್ಕೆ ಹದಿನೈದು ಡಿಗ್ರಿಯ ಸುಮಾರಿನ ನೀರು ಬೇಕು. ನಮ್ಮ ಮನೆಯ ತೊಟ್ಟಿ ಅದಕ್ಕೆ ಬಾಣಲೆ.

ಇದರ ಬಾಯಿಯಲ್ಲಿ ಅರದಂಥ ಒಂದು ನಾಲಿಗೆಯಿದೆ. ಸಾವಿರಾರು ಸೂಕ್ಷ್ಮ ಹಲ್ಲುಗಳು ಅದರ ಮೇಲೆ ಸಾಲುಗಟ್ಟಿವೆ. ಆ ಅರದಿಂದ ಕಲ್ಲನ್ನು ಉಜ್ಜುತ್ತ, ಪಾಚಿಯ ಎಳೆಗಳನ್ನು ಒಳಕ್ಕೆ ಎಳೆದುಕೊಳ್ಳುತ್ತ, ಎಚ್ಚರವಿರುವ ವೇಳೆಯ ಬಹುಭಾಗವನ್ನು ಅದು ಮೇಯುವುದರಲ್ಲಿಯೇ ಕಳೆಯುತ್ತದೆ. ತಿಂದದ್ದೆಲ್ಲ ಹೊಟ್ಟೆಗೆ ಮಾತ್ರ ಹೋಗುವುದಿಲ್ಲ. ಶತ್ರು ಮೈಮೇಲೆ ಬಿದ್ದಾಗ ಕಡಲ ಮೊಲ ನೇರಿಳೆ ಬಣ್ಣದ ಮಸಿಯನ್ನು ಕಾರುತ್ತದೆ. ಆ ಮಸಿಯ ಬಣ್ಣ ಅದು ತಿಂದ ಕೆಂಪು ಪಾಚಿಯದು. ಬರಿಯ ಹಸುರು ಪಾಚಿಯನ್ನೇ ಹಾಕಿ ಸಾಕಿದರೆ ನೇರಿಳೆ ಮಸಿ ಕಾರುವ ಶಕ್ತಿ ಹೋಗುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಮಸಿಯೊಡನೆ ಇನ್ನೊಂದು ಗ್ರಂಥಿಯಿಂದ ಅಂಟಾದ ಬಿಳಿಯ ದ್ರವವೂ ಬರುವುದುಂಟು. ಅದರಲ್ಲಿ ಆಹಾರದ ವಾಸನೆಯಿರುವುದರಿಂದ, ಹಿಡಿಯಲು ಬಂದ ಲಾಬ್‌ಸ್ಟರ್ ಸಿಗಡಿ ಮೊಲವನ್ನು ಬಿಟ್ಟು ಆ ದ್ರವವನ್ನೇ ತಿನ್ನುವ ಭ್ರಮೆಗೆ ಬೀಳುತ್ತದೆ. ಓಡಲಾರದ, ಕಚ್ಚಲಾರದ ಜೀವಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಯಾವುದಿದ್ದೀತು!

ಪ್ರಾಚೀನ ರೋಮನರು ಕಡಲ ಮೊಲವನ್ನು ಘೋರ ವಿಷಪ್ರಾಣಿಯೆಂದು ಅಂಜುತ್ತಿದ್ದರು. ಪ್ಲೀನಿ ಮುಟ್ಟಿದರೂ ಕೇಡೆಂಬಂತೆ ಬರೆದಿದ್ದಾನೆ. ಅಷ್ಟು ಭಯ ನಮಗೆ ಬೇಡ. ಆದರೆ ಅದರ ಮೈಯಲ್ಲಿ ವಿಷವಿರುವುದು ಸುಳ್ಳಲ್ಲ. ಹಿಂದೂ ಮಹಾಸಾಗರದ ಡೊಲಬೆಲ್ಲದ ರಾಶಿರಾಶಿ ಪ್ರಾಣಿಗಳಿಂದ ಅಮೆರಿಕದ ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ದುಡಿದು, ಕೆಲವೇ ಮಿಲಿಗ್ರಾಂ ತೂಕದ ಡೊಲಸ್ಟಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1987ರಲ್ಲಿ ಅದರ ರಚನೆ ಪ್ರಕಟವಾಯಿತು. ಅದರ ಮಾದರಿಯಲ್ಲಿ ರೂಪಿಸಿದ ಔಷಧವೊಂದಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಹಾಡ್ಕಿನ್ ಲಿಂಫೋಮ ಎಂಬ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿತು. ಇಷ್ಟಾದ ಮೇಲೆ ತಿಳಿದ ಸಂಗತಿಯೇನೆಂದರೆ, ಡೊಲಸ್ಟಾಟಿನ್ ಮೊಲ ತಯಾರಿಸಿದ್ದಲ್ಲ, ಅದು ಮೇಯುವ ನೀಲಿಹಸುರು ಪಾಚಿ ತಯಾರಿಸಿದ್ದು! ಬಣ್ಣವೂ ಮೇವಿನಿಂದ, ವಿಷವೂ ಮೇವಿನಿಂದ. ಇಂಥ ಪ್ರಾಣಿಗೆ ಮೇವು ತಪ್ಪಿತೆಂದರೆ ಏನಾದೀತೆಂದು ವಿವರಿಸಬೇಕಾಗಿಲ್ಲ.

ಪುಟ್ಟ ಹುಡುಗಿಗೆ ಹೇಳಬಹುದಾದ ಇನ್ನೊಂದು ಸಂಗತಿಯೂ ಉಂಟು. ಮನುಷ್ಯನ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿದ್ದರೆ ಅಪ್ಲೀಸಿಯದ ಮೈಯಲ್ಲಿರುವುದು ಸುಮಾರು ಇಪ್ಪತ್ತು ಸಾವಿರ. ಅವುಗಳಲ್ಲಿ ಕೆಲವು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಈ ಪ್ರಾಣಿಯನ್ನೇ ಗುರುವಾಗಿ ಇಟ್ಟುಕೊಂಡು, ನೆನಪು ಎಂಬುದು ನರಕೋಶಗಳ ನಡುವಣ ಸಂಬಂಧದ ಬದಲಾವಣೆ ಎಂಬುದನ್ನು ತೋರಿಸಿ, 2000ದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಒಳಕ್ಕೆ ಎಳೆದುಕೊಳ್ಳುವ ಮೊಲ, ಮತ್ತೆ ಮತ್ತೆ ಹಾಗೆಯೇ ಮುಟ್ಟಿದರೆ ಅಪಾಯವಿಲ್ಲವೆಂದು ಕಲಿತು ಸುಮ್ಮನಾಗುತ್ತದೆ. ನೋವುಂಟುಮಾಡಿದ್ದನ್ನು ಬಹುಕಾಲ ಮರೆಯುವುದಿಲ್ಲ. ಮಗು ಹೆಸರಿಟ್ಟದ್ದು ಬರಿಯ ಲೋಳೆಯ ಮುದ್ದೆಗಲ್ಲ.

ಈಗ ತೊಟ್ಟಿಯ ಲೆಕ್ಕಕ್ಕೆ ಬರೋಣ. ಮುನ್ನೂರು ಲೀಟರಿನ ತೊಟ್ಟಿಯಲ್ಲಿ ಎಷ್ಟೇ ದಟ್ಟವಾಗಿ ಪಾಚಿ ಬೆಳೆದಿರಲಿ, ಒಂದು ಕಡಲ ಮೊಲಕ್ಕೆ ಅದು ಕೆಲವು ವಾರಗಳ ಮೇವು. ಮುಗಿದ ಮೇಲೆ ಅದು ಗೊಣಗುವುದಿಲ್ಲ, ಕೂಗುವುದಿಲ್ಲ. ಗಮನಿಸುವವರಿಗೆ ಮಾತ್ರ ಗುರುತುಗಳು ಸಿಗುತ್ತವೆ. ಹೊಟ್ಟೆ ತುಂಬಿದ ಮೊಲ ಮೇಯುತ್ತದೆ, ತಂಗುತ್ತದೆ, ಮತ್ತೆ ಮೇಯುತ್ತದೆ. ಹಸಿದದ್ದು ಒಂದೆಡೆ ನಿಲ್ಲದೆ ಗಾಜಿನ ಮೇಲೆ ಏರಿ ಇಳಿದು ಅಲೆಯುತ್ತದೆ. ಬರಿಯ ಗಾಜನ್ನು ಉಜ್ಜುತ್ತದೆ. ನೀರಿನ ಮೇಲ್ಮಟ್ಟಕ್ಕೆ ಬಂದು ತಲೆಯನ್ನು ಅತ್ತಿತ್ತ ಚಾಚುತ್ತದೆ. ಹಿಕ್ಕೆ ಹಾಕುವುದು ಕಡಮೆಯಾಗುತ್ತದೆ. ಕೊನೆಗೆ ಮೈಯೇ ಕುಗ್ಗತೊಡಗುತ್ತದೆ. ಅದಕ್ಕೆ ಎಲುಬಿಲ್ಲ, ಹೊರಚಿಪ್ಪಿಲ್ಲ. ಆದಕಾರಣ ಬಡಕಲಾಗುವ ಬದಲು ಇಡೀ ಪ್ರಾಣಿಯೇ ಚಿಕ್ಕದಾಗುತ್ತದೆ. ತಂದ ದಿನ ಅದರ ಉದ್ದವನ್ನು ಗಾಜಿನ ಹೊರಗಿನಿಂದ ಅಳೆದು ಬರೆದಿಡುವುದು ಒಳ್ಳೆಯದು. ವಾರಕ್ಕೊಮ್ಮೆ ಅಳೆದರೆ ಬಾಯಿಲ್ಲದ ಪ್ರಾಣಿಯ ಮಾತು ಕೇಳಿಸುತ್ತದೆ.

ಎಲ್ಲ ಸಾವೂ ಹಸಿವಿನದೇ ಎಂದು ಹೇಳಲಾಗದು. ಕಡಲ ಮೊಲದ ಆಯುಸ್ಸೇ ಸುಮಾರು ಒಂದು ವರ್ಷ. ಪ್ರತಿಯೊಂದು ಪ್ರಾಣಿಯಲ್ಲಿಯೂ ಹೆಣ್ತನ ಗಂಡುತನ ಎರಡೂ ಇರುವುದರಿಂದ, ಎರಡು ಸೇರಿದರೆ ಎರಡೂ ಮೊಟ್ಟೆಯಿಡಬಲ್ಲವು. ಮೊಟ್ಟೆಗಳು ಶ್ಯಾವಿಗೆಯ ಸಿಕ್ಕಿನಂತೆ, ಹಳದಿಯಾಗಿಯೋ ಹಸುರಾಗಿಯೋ ಕಲ್ಲಿಗೆ ಅಂಟಿಕೊಂಡಿರುತ್ತವೆ. ಫಿಲಿಪ್ಪೈನ್ಸಿನಲ್ಲಿ ಡೊಲಬೆಲ್ಲದ ಈ ಮೊಟ್ಟೆಯ ಎಳೆಗಳನ್ನು ಲುಕೋಟ್ ಎಂದು ಕರೆದು ತಿನ್ನುತ್ತಾರೆ. ಮೊಟ್ಟೆಯಿಂದ ಬಂದ ಮರಿಗಳು ಒಂದು ತಿಂಗಳ ಸುಮಾರು ತೇಲಾಡಿ, ತಮಗೆ ಒಪ್ಪುವ ಪಾಚಿ ಸಿಕ್ಕರೆ ಮಾತ್ರ ತಳಕ್ಕಿಳಿದು ರೂಪ ಬದಲಿಸುತ್ತವೆ. ಮನೆಯ ತೊಟ್ಟಿಯ ಪಂಪು, ಜರಡಿಗಳ ನಡುವೆ ಅವು ಬದುಕುವ ಆಸೆಯಿಲ್ಲ. ದೊಡ್ಡ ಪ್ರಾಣಿಯನ್ನು ಕೊಂಡು ತಂದು, ಅದು ಮೊಟ್ಟೆಯಿಟ್ಟು, ಮೇವಿದ್ದರೂ ಮುಟ್ಟದೆ ಸೊರಗಿದರೆ ಅದು ಮುಪ್ಪು. ಮೇವು ಕೊಟ್ಟೊಡನೆ ಎರಗುವಂಥದು ಸೊರಗಿದ್ದರೆ ಅದು ಹಸಿವು. ಕೊಳ್ಳುವವರು ಚಿಕ್ಕದನ್ನು ಆರಿಸುವುದು ಈ ಕಾರಣದಿಂದಲೂ ಲೇಸು.

ಹಾಗಾದರೆ ಮೇವು ಎಲ್ಲಿಂದ? ಜಪಾನೀ ಅಡುಗೆಗೆ ಬಳಸುವ ನೋರಿ ಎಂಬ ಒಣಗಿಸಿದ ಕಡಲ ಪಾಚಿಯ ಹಾಳೆಗಳು ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ದೊರೆಯುತ್ತವೆ. ಉಪ್ಪು, ಎಣ್ಣೆ, ಮಸಾಲೆ ಯಾವುದೂ ಸೇರದ ಹಾಳೆಯನ್ನೇ ಕೇಳಿ ತರಬೇಕು. ಒಂದು ತುಂಡನ್ನು ಸಣ್ಣ ಕಲ್ಲಿಗೆ ರಬ್ಬರ್ ಬಳೆಯಿಂದ ಕಟ್ಟಿ, ಸಂಜೆ ಮೊಲದ ಮುಂದೆಯೇ ಇಡಬೇಕು. ಮೀನುಗಳು ಕಿತ್ತುಕೊಳ್ಳುವಂತಿದ್ದರೆ ದೀಪ ಆರಿಸಿದ ಮೇಲೆ ಇಡುವುದು. ಕೆಲವು ಮೊಲಗಳು ಮೊದಲು ಒಪ್ಪುವುದಿಲ್ಲ. ಪಾಚಿ ಇನ್ನೂ ಉಳಿದಿರುವಾಗಲೇ ರೂಢಿ ಮಾಡಿಸಿದರೆ ಒಪ್ಪುತ್ತವೆ. ಉಪವಾಸ ಬಿದ್ದ ಮೇಲೆ ಕಲಿಸಲು ಹೋದರೆ ಹೊತ್ತು ಮೀರಿರುತ್ತದೆ. ಉಳಿದ ಚೂರುಗಳನ್ನು ಮರುದಿನ ಬೆಳಿಗ್ಗೆ ತೆಗೆದುಹಾಕತಕ್ಕದ್ದು.

ನೋರಿಗಿಂತ ಮೇಲಾದುದು ಜೀವಂತ ಪಾಚಿ. ದೊಡ್ಡ ತೊಟ್ಟಿಯ ಪಕ್ಕದಲ್ಲೋ ಕೆಳಗೋ ಇನ್ನೊಂದು ಸಣ್ಣ ತೊಟ್ಟಿಯಿಟ್ಟು, ಎರಡರ ನೀರೂ ಒಂದಾಗಿ ಹರಿಯುವಂತೆ ಮಾಡಿ, ಅಲ್ಲಿ ಕಡಲ ಪಾಚಿಯನ್ನು ದೀಪದ ಬೆಳಕಿನಲ್ಲಿ ಬೆಳೆಸುವುದುಂಟು. ಉಲ್ವ, ಗ್ರಾಸಿಲೇರಿಯ ಎಂಬಿವು ಒಳ್ಳೆಯ ಮೇವು. ಗ್ರಾಸಿಲೇರಿಯ ನಮ್ಮ ಗೃಹಿಣಿಯರಿಗೆ ಹೊಸದೇನಲ್ಲ. ಹಾಲಿನ ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ತಯಾರಾಗುವುದು ಇಂಥ ಪಾಚಿಗಳಿಂದಲೇ. ಪಾಚಿಯ ಸಣ್ಣ ತೋಟಕ್ಕೆ ಇನ್ನೊಂದು ಗುಣವಿದೆ. ಮೀನಿನ ಮಲ, ಉಳಿದ ಆಹಾರ ಇವುಗಳಿಂದ ಹುಟ್ಟುವ ನೈಟ್ರೇಟು ಫಾಸ್ಫೇಟುಗಳನ್ನು ಅದು ಹೀರಿಕೊಳ್ಳುತ್ತದೆ. ಕಲ್ಲಿನ ಮೇಲೆ ಕೂದಲು ಪಾಚಿ ಬೆಳೆಯುವುದಕ್ಕೆ ಮೂಲ ಇವೇ. ಮೊಲ ಪಾಚಿಯನ್ನು ತಿಂದರೂ ಅದರ ಹಿಕ್ಕೆಯ ಮೂಲಕ ಇವು ಮತ್ತೆ ನೀರಿಗೇ ಬರುತ್ತವೆ. ಮೀನಿಗೆ ಅತಿಯಾಗಿ ಆಹಾರ ಸುರಿಯುವುದನ್ನು ನಿಲ್ಲಿಸದೆ ಮೊಲವನ್ನು ತಂದರೆ ಪಾಚಿ ತಿರುಗಿ ಬರುತ್ತದೆ, ಆ ವೇಳೆಗೆ ಮೊಲ ಮಾತ್ರ ಇರುವುದಿಲ್ಲ.

ಕಡಲಿನಿಂದ ನೂರಾರು ಕಿಲೋಮೀಟರು ದೂರ, ಒಂಬೈನೂರು ಮೀಟರು ಎತ್ತರದ ಬೆಂಗಳೂರಿನಲ್ಲಿ ಕಡಲ ನೀರನ್ನು ನಾವೇ ತಯಾರಿಸಬೇಕು. ವಸಂತವಲ್ಲಭರಾಯನ ಗುಡಿಯ ಸುತ್ತಣ ಬಡಾವಣೆಗಳಲ್ಲಿ ಒಂದು ಮನೆಗೆ ಕಾವೇರಿ, ಇನ್ನೊಂದಕ್ಕೆ ಕೊಳವೆಬಾವಿ, ಮತ್ತೊಂದಕ್ಕೆ ಟ್ಯಾಂಕರು. ಕಾವೇರಿಯಲ್ಲಿ ಕ್ಲೋರೀನು, ಕೊಳವೆಬಾವಿಯಲ್ಲಿ ಗಡಸುತನ ಮತ್ತು ನೈಟ್ರೇಟು. ಟ್ಯಾಂಕರಿನ ನೀರು ಇಂದಿನದು ನಾಳೆ ಇರುವುದಿಲ್ಲ. ಯಾವುದನ್ನೂ ನೇರವಾಗಿ ಬಳಸದೆ ಆರ್‌ಓ ಯಂತ್ರದಲ್ಲಿ ಶೋಧಿಸಿ, ಕಡಲಿನ ತೊಟ್ಟಿಗೆಂದೇ ಮಾರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಕರಗಿಸಬೇಕು. ಅಡುಗೆಯ ಉಪ್ಪು ಕೂಡದು. ಸಾಪೇಕ್ಷ ಸಾಂದ್ರತೆ 1.025ರ ಸುಮಾರಿಗೆ ನಿಲ್ಲಬೇಕು. ಮಾಘ ಫಾಲ್ಗುಣದ ಒಣಗಾಳಿಗೆ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದುದರಿಂದ ದಿನವೂ ಕೊರೆಯನ್ನು ತುಂಬುವಾಗ ಸಿಹಿನೀರನ್ನೇ ಹಾಕತಕ್ಕದ್ದು. ಒಂದು ಲೀಟರು ಶುದ್ಧ ನೀರಿಗೆ ಯಂತ್ರ ಎರಡು ಮೂರು ಲೀಟರು ಹೊರಚೆಲ್ಲುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಲಿ ಐದು ಸಾವಿರ ರೂಪಾಯಿ ದಂಡ ವಿಧಿಸಿದ್ದು ನೆನಪಿರುವವರು ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರಸಲು ಬಳಸಿಯಾರು.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದುದು ತಾಮ್ರದ ವಿಷಯದಲ್ಲಿ. ತಾಮ್ರದ ಚೊಂಬಿನ ನೀರು ನಮಗೆ ಆರೋಗ್ಯವೆಂಬ ನಂಬಿಕೆ ಉಂಟು. ಕಡಲ ಮೊಲ, ಸಿಗಡಿ, ಬಸವನಹುಳುಗಳಿಗೆ ಅದು ವಿಷ. ಉಪ್ಪುನೀರು ತಾಮ್ರ ಹಿತ್ತಾಳೆಗಳನ್ನು ಬೇಗ ಕರಗಿಸುತ್ತದೆ. ಹಂಡೆ, ಬಿಂದಿಗೆ, ಹಿತ್ತಾಳೆಯ ಚೊಂಬು ಯಾವುದೂ ತೊಟ್ಟಿಯ ಬಳಿ ಸುಳಿಯಬಾರದು. ನೀರಿಗೆ ತಾಮ್ರದ ಅಂಶ ಸೇರಿಸುವ ಡಬ್ಬಿಯುಳ್ಳ ಆರ್‌ಓ ಯಂತ್ರಗಳೂ ಈಗ ಬಂದಿವೆ. ಅಡುಗೆಮನೆಯಲ್ಲಿರುವುದು ಅಂಥದೇ ಎಂದು ನೋಡಿಕೊಳ್ಳಬೇಕು. ಮೀನಿನ ರೋಗಕ್ಕೆ ಕೊಡುವ ಕೆಲವು ಔಷಧಗಳಲ್ಲಿಯೂ ತಾಮ್ರವಿದೆ. ಮೀನು ಬದುಕುತ್ತದೆ, ಮೊಲ ಸಾಯುತ್ತದೆ. ಸೊಳ್ಳೆಯ ಮದ್ದನ್ನು ತೊಟ್ಟಿಯ ಕೋಣೆಯಲ್ಲಿ ಸಿಂಪಡಿಸುವುದೂ ಸಲ್ಲದು.

ಸೆಖೆಯ ಮಾತು. ಬೆಂಗಳೂರು ತಂಪಾದ ಊರೆಂಬ ಮಾತು ಹಳೆಯದಾಯಿತು; 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ದಾಖಲಾಗಿದೆ. ಬೆಚ್ಚನೆಯ ನೀರಿನ ಜಾತಿಗಳಿಗೂ 24ರಿಂದ 26 ಡಿಗ್ರಿ ಹಿತ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ಬೀಸುವಂತಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಸಾಲದಿದ್ದರೆ ಶೀತಕಯಂತ್ರವೇ ಬೇಕು, ಅದು ದುಬಾರಿ. ಕರೆಂಟು ಹೋದಾಗ ನಡೆಯುವ ಬ್ಯಾಟರಿಯ ಗಾಳಿಪಂಪು ಒಂದಿರಲಿ.

ಹೊಸ ಮೊಲವನ್ನು ಚೀಲದಿಂದ ನೇರವಾಗಿ ಸುರಿಯಬಾರದು. ಒಂದೆರಡು ಗಂಟೆಗಳ ಕಾಲ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ, ಆಮೇಲೆ ನೀರಿನೊಳಗೇ ಬೊಗಸೆಯಲ್ಲಿ ಎತ್ತಿ ಬಿಡಬೇಕು. ಹಿಡಿದು ಕೀಳಲು ಹೋದರೆ ಗಾಯವಾಗುತ್ತದೆ, ಇಲ್ಲವೆ ಮಸಿ ಕಾರುತ್ತದೆ. ವಿಶಾಲವಾದ ಕಡಲಿನಲ್ಲಿ ಅದರ ಪ್ರಾಣ ಉಳಿಸುವ ಮಸಿ ಮುಚ್ಚಿದ ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ಅದನ್ನೂ ಕೊಲ್ಲಬಹುದು. ನೀರನ್ನು ಹೀರುವ ಪಂಪಿನ ಬಾಯಿಗೆ ಮೊಲ ಸಿಕ್ಕಿಕೊಳ್ಳುವುದು ಇಂಥ ಅನಾಹುತಕ್ಕೆ ಮುಖ್ಯ ಕಾರಣ. ಪ್ರಾಣಿ ಬರುವ ಮೊದಲೇ ಪ್ರತಿಯೊಂದು ಬಾಯಿಗೂ ಸ್ಪಂಜು ಅಥವಾ ಬಲೆ ಕಟ್ಟಿರಬೇಕು. ಮಸಿ ಚೆಲ್ಲಿದ್ದೇ ಆದರೆ ನೀರಿನ ದೊಡ್ಡ ಭಾಗವನ್ನು ಬದಲಾಯಿಸಿ, ಸಕ್ರಿಯ ಇದ್ದಿಲಿನ ಚೀಲವನ್ನು ಹರಿಯುವ ನೀರಿನಲ್ಲಿಡುವುದು. ಕಲಸಿಟ್ಟ ಉಪ್ಪುನೀರು ಮನೆಯಲ್ಲಿ ಸದಾ ಸಿದ್ಧವಾಗಿರುವುದು ಇದಕ್ಕಾಗಿ.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ ಈ ಸಹವಾಸವೇ ಬೇಡವೆನಿಸಬಹುದು. ಅದೂ ವಿವೇಕವೇ. ಕೂದಲು ಪಾಚಿಯನ್ನು ಕೈಯಿಂದ ಕೀಳುವುದು, ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತಿಕ್ಕುವುದು, ಆಹಾರ ಕಡಮೆ ಮಾಡುವುದು, ದೀಪದ ಹೊತ್ತನ್ನು ಮೊಟಕು ಮಾಡುವುದು ಇವುಗಳಿಂದ ಮೊಲವಿಲ್ಲದೆಯೂ ತೊಟ್ಟಿ ತಹಬಂದಿಗೆ ಬರುತ್ತದೆ. ಮೊಲವೇ ಬೇಕೆನ್ನುವವರು ಕೊಳ್ಳುವುದಕ್ಕಿಂತ ಕಡ ತರುವುದನ್ನು ಆಲೋಚಿಸಲಿ. ಪರದೇಶಗಳಲ್ಲಿ ಕೆಲವು ಹವ್ಯಾಸಿಗಳು ಒಂದೇ ಮೊಲವನ್ನು ಮನೆಯಿಂದ ಮನೆಗೆ ಕಳುಹಿಸುತ್ತಾರೆ. ಪಾಚಿ ಇನ್ನೂ ಅಲ್ಲಲ್ಲಿ ಉಳಿದಿರುವಾಗಲೇ ಅದನ್ನು ಮುಂದಿನ ಮನೆಗೆ ದಾಟಿಸುತ್ತಾರೆ. ವಸಂತಪುರದಲ್ಲಿ ಮೇದು ಮುಗಿಸಿದ ಮೊಲ ಮುಚ್ಚಳವಿರುವ ಬಕೆಟ್ಟಿನಲ್ಲಿ, ತನ್ನ ತೊಟ್ಟಿಯದೇ ನೀರಿನಲ್ಲಿ, ಬೆಳಗಿನ ತಂಪಿನಲ್ಲಿ ಬನಶಂಕರಿಗೋ ಜಯನಗರಕ್ಕೋ ಹೋಗಿ ಸೇರುವುದಕ್ಕೆ ಅರ್ಧ ಗಂಟೆ ಸಾಕು. ಎರಡು ತೊಟ್ಟಿಗಳಿಗೂ ಉಪ್ಪಿನ ಅಳತೆ ಒಂದೇ ಇರುವಂತೆ ಮೊದಲೇ ಮಾತಾಡಿಕೊಂಡಿರಬೇಕು. ತಾಮ್ರದ ಔಷಧ ಹಾಕಿದ್ದ ತೊಟ್ಟಿಯಾದರೆ ಆ ಮನೆಯನ್ನು ಬಿಟ್ಟುಬಿಡಬೇಕು.

ನಮ್ಮ ವಾಚಕಿ ಪತ್ರದ ಕೊನೆಯಲ್ಲಿ, ತೊಟ್ಟಿಗೆ ಹವಳವನ್ನೂ ತರಬೇಕೆಂಬ ಆಸೆಯಿದೆ ಎಂದಿದ್ದಾರೆ. ಇದು ಬೇರೆ ವಿಷಯವಾದರೂ ಒಂದು ಮಾತು. ಕಲ್ಲುಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿಯಿರುವ ಪಟ್ಟಿಗೆ, ಸೇರಿಸಲಾಗಿದೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳ ಸತ್ತದ್ದಾದರೂ ಜೀವಂತವಾದರೂ ಮನೆಯಲ್ಲಿರುವುದು ಅಪರಾಧ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗು ಹಾಕಲು ಹೋದವರು ನೆನಪಿಗೆಂದು ಒಂದು ತುಂಡು ತರುವುದೂ ಇದರಲ್ಲಿಯೇ ಸೇರಿತು. ಮನ್ನಾರ್ ಕೊಲ್ಲಿಯ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗಿನಿಂದ ಕಡಲ ಮೊಲವನ್ನೂ ಎತ್ತುವಂತಿಲ್ಲ. ಹವಳದಾಕಾರದಲ್ಲಿ ಮಾಡಿದ ಸಿಮೆಂಟಿನ, ಸೆರಾಮಿಕ್ಕಿನ ಕಲ್ಲುಗಳು ಸಿಗುತ್ತವೆ. ಆರೆಂಟು ವಾರಗಳಲ್ಲಿ ಅವುಗಳ ಮೇಲೆ ಪಾಚಿ ಹಿಡಿಯುತ್ತದೆ, ಅದನ್ನು ಮೊಲ ಬೇಸರವಿಲ್ಲದೆ ಮೇಯುತ್ತದೆ.